ನಿಂಜಾ 1000ಎಸ್‌ಎಕ್ಸ್ ಕೊಟ್ಟು 1100ಎಸ್‌ಎಕ್ಸ್ ತೆಗೆದುಕೊಳ್ಳಬಹುದಾ? ಪವರ್ ಕಡಿಮೆಯಾಗಿದೆ ಅಂತಾರಲ್ಲ?

ನಿಮ್ಮ ಪ್ರಶ್ನೆ ಇಷ್ಟು: ಕೈಯಲ್ಲಿ 2021ರ ಕವಾಸಕಿ ನಿಂಜಾ 1000ಎಸ್‌ಎಕ್ಸ್ ಬೈಕ್ ಇದೆ, 28,000 ಕಿ.ಮೀ. ಓಡಿದೆ. ಬೆಂಗಳೂರಿನಿಂದ ಹುಬ್ಬಳ್ಳಿ, ಮಂಗಳೂರು ಕಡೆ ಹೆಂಡತಿಯನ್ನು ಕೂರಿಸಿಕೊಂಡು ಹೋಗುವುದೇ ಹೆಚ್ಚು. ನಿಮ್ಮ ಎತ್ತರ 5 ಅಡಿ 6 ಇಂಚು. ಅದರ ಹೊಸ ಮಾದರಿಯಾದ 1100ಎಸ್‌ಎಕ್ಸ್‌ಗೆ ಬದಲಾಯಿಸುವ ಆಸೆ ಇದೆ. ಆದರೆ ಓಡಿಸಿದವರಲ್ಲಿ ಕೆಲವರು ಪವರ್ ಇಳಿಸಿಬಿಟ್ಟಿದ್ದಾರೆ ಅಂತಾರೆ, ಕೆಲವರು ಇದೇ ಚೆನ್ನಾಗಿದೆ ಅಂತಾರೆ. ಯಾರ ಮಾತು ನಂಬುವುದು?

ಇಬ್ಬರ ಮಾತೂ ನಿಜ. ಅವರವರು ಗಾಡಿ ಓಡಿಸುವ ಆರ್‌ಪಿಎಂ ಬೇರೆ, ಅಷ್ಟೇ. ಹೊಸದಾಗಿ ಕೊಳ್ಳುವವರಿಗೆ ನಾನು ಯೋಚನೆಯೇ ಮಾಡದೆ 1100 ಅಂತ ಹೇಳುತ್ತೇನೆ. ನಿಮಗೆ ಹಾಗೆ ಹೇಳಲಾರೆ. ನಿಮ್ಮ ಗಾಡಿಯ ಟೈರು, ಸಸ್ಪೆನ್ಷನ್, ಹ್ಯಾಂಡಲ್ ಬೇರಿಂಗ್ ಮೂರನ್ನೂ ಸರಿಮಾಡಿಕೊಂಡು ಒಂದು ಸಲ ಹುಬ್ಬಳ್ಳಿಗೆ ಹೋಗಿ ಬಂದ ಮೇಲೆ ತೀರ್ಮಾನ ಮಾಡಿ.

ಮೊದಲು ಪವರ್ ವಿಷಯ. ಹಳೆಯದು 1043 ಸಿಸಿ, 10,000 ಆರ್‌ಪಿಎಂನಲ್ಲಿ 142 ಪಿಎಸ್ ಪವರ್, 8,000ದಲ್ಲಿ 111 ಎನ್‌ಎಂ ಟಾರ್ಕ್ (ಎಂಜಿನ್ ತಿರುಗಿಸುವ ಬಲ). ಹೊಸದು 1099 ಸಿಸಿ, 9,000ದಲ್ಲಿ 136 ಪಿಎಸ್, 7,600ರಲ್ಲಿ 113 ಎನ್‌ಎಂ. ಸಿಲಿಂಡರಿನ ಅಗಲ 77 ಮಿ.ಮೀ. ಹಾಗೇ ಇದೆ. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಅಂದರೆ ಸ್ಟ್ರೋಕ್, 56ರಿಂದ 59 ಮಿ.ಮೀ.ಗೆ ಏರಿದೆ. ಜೊತೆಗೆ ಗಾಳಿ ಒಳಗೆ ಹೋಗುವ ಕೊಳವೆಗಳನ್ನು ಉದ್ದ ಮಾಡಿದ್ದಾರೆ, ವಾಲ್ವ್ ತೆರೆಯುವ ಕ್ಯಾಮ್ ಬದಲಾಯಿಸಿದ್ದಾರೆ. ಉದ್ದನೆಯ ಕೊಳವೆ ಕೆಳಗಿನ ಮತ್ತು ಮಧ್ಯದ ಆರ್‌ಪಿಎಂನಲ್ಲಿ ಸಿಲಿಂಡರನ್ನು ಚೆನ್ನಾಗಿ ತುಂಬಿಸುತ್ತದೆ, ತೀರಾ ಮೇಲಕ್ಕೆ ಹೋದಾಗ ಉಸಿರು ಕಟ್ಟುತ್ತದೆ. ಕಳೆದುಹೋದ 6 ಪಿಎಸ್ ಅಲ್ಲೇ ಇದ್ದದ್ದು, 9,000ದಿಂದ ಆಚೆಗೆ. ಆರನೇ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ಹೋಗುವಾಗ ನಿಮ್ಮ ಎಂಜಿನ್ 4,000 ಆರ್‌ಪಿಎಂ ಆಸುಪಾಸಿನಲ್ಲಿರುತ್ತದೆ. ಹಿಂದೆ ಹೆಂಡತಿ, ಪಕ್ಕದಲ್ಲಿ ಎರಡು ಬಾಕ್ಸ್ ಇಟ್ಟುಕೊಂಡು ನೀವು 9,000 ದಾಟಿಸುವುದು ಎಷ್ಟು ಸಲ? ಟ್ರ್ಯಾಕ್‌ಗೆ ಹೋಗುವವರು, ಎರಡನೇ ಗೇರಿನಲ್ಲೇ ಕೆಂಪು ಗೆರೆಯವರೆಗೆ ಎಳೆಯುವವರು ದೂರುವುದು ಸರಿ, ಅವರಿಗೆ ನಿಜವಾಗಿಯೂ ಏನೋ ಹೋಗಿದೆ. ನಿಮಗೆ ಹೋಗಿಲ್ಲ.

ಗೇರುಗಳ ಬದಲಾವಣೆ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಐದು ಮತ್ತು ಆರನೇ ಗೇರನ್ನು ಉದ್ದ ಮಾಡಿದ್ದಾರೆ, ಅಂದರೆ ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನ ಸಣ್ಣ ನಡುಕ ಆರ್‌ಪಿಎಂನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಹತ್ತರಲ್ಲಿ ಒಂದು ಪಾಲು ಆರ್‌ಪಿಎಂ ಇಳಿದರೆ ನಡುಕದ ಬಲ ಐದರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಚಿತ್ರದುರ್ಗ ದಾಟುವ ಹೊತ್ತಿಗೆ ಬಲಗೈ ಬೆರಳು ಜೋಮು ಹಿಡಿಯುತ್ತಿದ್ದವರು ಹೊಸ ಗಾಡಿಯನ್ನು ಹೊಗಳುವುದು ಇದಕ್ಕೇ.

ಇದಕ್ಕೊಂದು ಬೆಲೆಯೂ ಇದೆ. ಆರನೇ ಗೇರಿನಲ್ಲಿ 80ರಲ್ಲಿ ಹೋಗುತ್ತಾ ಲಾರಿ ಹಿಂದೆ ಹಾಕಲು ಆಕ್ಸಿಲರೇಟರ್ ತಿರುಗಿಸಿದರೆ, ಸಿಸಿ ಜಾಸ್ತಿಯಾದಷ್ಟು ಎಳೆತ ಜಾಸ್ತಿ ಸಿಗುವುದಿಲ್ಲ. ಉದ್ದನೆಯ ಗೇರು ಆ ಲಾಭದಲ್ಲಿ ಒಂದು ಪಾಲನ್ನು ತಿಂದುಹಾಕುತ್ತದೆ. ಹೊಸ ಗಾಡಿಯಲ್ಲೂ ಪಿಕಪ್ ಅಷ್ಟೇ ಇದೆಯಲ್ಲ ಅನ್ನುವವರು ಆರರಲ್ಲೇ ಓಡಿಸಿ ಹಾಗೆ ಹೇಳುತ್ತಿರುತ್ತಾರೆ. ನಾಲ್ಕಕ್ಕೆ ಇಳಿಸಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಶಿರಾಡಿ, ಚಾರ್ಮಾಡಿ ಏರುವಾಗ ಎರಡು ಮೂರನೇ ಗೇರಿನಲ್ಲಿ ತಿರುವಿನಿಂದ ಹೊರಬರುವಾಗಲಂತೂ 1100ನ ಎಳೆತ ಸ್ಪಷ್ಟವಾಗಿ ದಪ್ಪ. (ಮೈಸೂರು ಕಡೆಗೆ ಉದ್ದನೆಯ ಆರನೇ ಗೇರಿನ ಸುಖ ಸಿಗುತ್ತದೆ ಅಂದುಕೊಳ್ಳಬೇಡಿ. ಆಗಸ್ಟ್ 2023ರಿಂದ ಆ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ.)

ಕ್ವಿಕ್‌ಶಿಫ್ಟರ್, ಅಂದರೆ ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಸೌಲಭ್ಯ, ನಿಜವಾಗಿಯೂ ಸುಧಾರಿಸಿದೆ. ನಿಮ್ಮದರಲ್ಲಿ 2,500 ಆರ್‌ಪಿಎಂ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಹೊಸದರಲ್ಲಿ 1,500ರಿಂದಲೇ ಮಾಡುತ್ತದೆ. ಊರೊಳಗೆ ನಿಧಾನವಾಗಿ ಹೋಗುವಾಗ ಕ್ಲಚ್ ಹಿಡಿಯುವ ಕೆಲಸ ತಪ್ಪುತ್ತದೆ. ಹಿಂದಿನ ಡಿಸ್ಕ್ 250ರಿಂದ 260 ಮಿ.ಮೀ. ಆಗಿದೆ, ಹಿಂದೆ ಭಾರ ಇದ್ದಾಗ ಹಿಂಬ್ರೇಕ್ ಕಚ್ಚುವುದು ಸ್ವಲ್ಪ ಹೆಚ್ಚು. ಯುಎಸ್‌ಬಿ-ಸಿ ಕೊಟ್ಟಿದ್ದಾರೆ. ಟೈರು ಬ್ರಿಡ್ಜ್‌ಸ್ಟೋನ್ ಎಸ್22 ಬದಲು ಎಸ್23. ಬ್ರೆಂಬೊ ಬ್ರೇಕು, ಓಲಿನ್ಸ್ ಹಿಂದಿನ ಶಾಕ್ ಇರುವ ಎಸ್‌ಇ ಆವೃತ್ತಿಯ ಬಗ್ಗೆ ಯುರೋಪಿನವರು ಹೇಳುವುದನ್ನು ಓದಿ ಆಸೆಪಟ್ಟುಕೊಳ್ಳಬೇಡಿ. ನಮ್ಮಲ್ಲಿ ಬಿಡುಗಡೆಯಾದದ್ದು ಸಾಧಾರಣ ಆವೃತ್ತಿ. ಅವರ ಹೊಗಳಿಕೆಯಲ್ಲಿ ಬಹುಪಾಲು ಆ ಶಾಕ್‌ಗೆ ಸಲ್ಲಬೇಕಾದದ್ದು.

ಈಗ ಬದಲಾಗದೇ ಉಳಿದದ್ದು. ನಿಮ್ಮ ಹಳೆಯ ತಕರಾರುಗಳು ಇವೇ ಆಗಿದ್ದರೆ ಹೊಸ ಗಾಡಿಯಲ್ಲೂ ಅವು ಜೊತೆಗೇ ಬರುತ್ತವೆ. ಟ್ಯಾಂಕು ಅದೇ 19 ಲೀಟರ್. ಮುಂದಿನ ಗಾಜು ಅದೇ ನಾಲ್ಕು ಹಂತದ್ದು, ಗಾಡಿ ನಿಲ್ಲಿಸಿ ಕೈಯಿಂದ ಏರಿಸಬೇಕು. ಸೆಂಟರ್ ಸ್ಟ್ಯಾಂಡ್ ಇಲ್ಲ, ಹೊಟ್ಟೆಯಡಿ ಸೈಲೆನ್ಸರ್ ಪೆಟ್ಟಿಗೆ ಇರುವುದರಿಂದ ಹಾಕಿಸಿಕೊಳ್ಳಲು ಜಾಗವೂ ಇಲ್ಲ. ನೆಲದಿಂದ ಎತ್ತರ 135 ಮಿ.ಮೀ. ಮಾತ್ರ. ಇಬ್ಬರು ಕೂತು ಸಾಮಾನು ಹೇರಿದಾಗ ಹಳ್ಳಿ ರಸ್ತೆಯ ಹಂಪ್‌ಗೆ ಮೊದಲು ತಾಗುವುದು ಆ ಪೆಟ್ಟಿಗೆಯೇ. ಸೀಟಿನ ಎತ್ತರ 835 ಮಿ.ಮೀ. ನಿಮ್ಮ ಎತ್ತರಕ್ಕೆ ಎರಡೂ ಮುಂಗಾಲು ತಾಗುತ್ತವೆ, ಹಿಮ್ಮಡಿ ತಾಗುವುದು ಕಷ್ಟ. ಹಳೆಯದರಲ್ಲಿ ರೂಢಿಯಾಗಿದ್ದರೆ ಇದರಲ್ಲೂ ಆಗುತ್ತದೆ. ಟ್ರಾಫಿಕ್‌ನಲ್ಲಿ ಫ್ಯಾನ್ ಹೊಡೆದಾಗ ತೊಡೆಗೆ ಬರುವ ಬಿಸಿಯೂ ಹಾಗೇ ಇದೆ.

ಹಾಗಾದರೆ ನಿಮ್ಮ ಗಾಡಿಗೆ ಏನು ಮಾಡುವುದು? 28,000 ಕಿ.ಮೀ. ಆದ 1000ಎಸ್‌ಎಕ್ಸ್ ಓಡಿಸಿ ಆಮೇಲೆ ಹೊಸ 1100 ಓಡಿಸಿದರೆ, ಅನುಭವಕ್ಕೆ ಬರುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಹೊಸ ಟೈರು ಮತ್ತು ಹೊಸ ಫೋರ್ಕ್ ಆಯಿಲ್‌ನದು. ಷೋರೂಮಿನವರು ಇದನ್ನು ಹೇಳುವುದಿಲ್ಲ.

ಮೊದಲು ಮುಂದಿನ ಟೈರಿನ ಮೇಲೆ ಬರಿಗೈ ಆಡಿಸಿ, ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ. ಒಂದು ದಿಕ್ಕಿನಲ್ಲಿ ನಯವಾಗಿದ್ದು ಇನ್ನೊಂದರಲ್ಲಿ ಗರಗಸದ ಹಲ್ಲಿನಂತೆ ತಡೆದರೆ ಬ್ಲಾಕುಗಳು ಓರೆಯಾಗಿ ಸವೆದಿವೆ ಎಂದರ್ಥ. ತಿರುವಿನಲ್ಲಿ ಗುಂಯ್ ಅನ್ನುವ ಸದ್ದು, 70ರಿಂದ 60ಕ್ಕೆ ಇಳಿಯುವಾಗ ಹ್ಯಾಂಡಲ್ ಸಣ್ಣಗೆ ಅಲುಗುವುದು, ಎರಡೂ ಇದರಿಂದಲೇ ಬರುತ್ತವೆ. ಟೈರು ಸರಿಯಿದ್ದೂ ಅಲುಗಿದರೆ ಹ್ಯಾಂಡಲ್ ಬೇರಿಂಗ್ ನೋಡಿಸಿ. ಮುಂದಿನ ಚಕ್ರ ನೆಲದಿಂದ ಎತ್ತಿಸಿ, ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದಾಗ ಟಕ್ ಅಂದರೆ ಸಡಿಲ. ಹ್ಯಾಂಡಲ್ ಮೆಲ್ಲಗೆ ತಿರುಗಿಸುವಾಗ ಮಧ್ಯದಲ್ಲಿ ಒಂದು ಕಡೆ ಕಚ್ಚಿದಂತಾದರೆ ಬೇರಿಂಗ್ ಬದಲಿಸಬೇಕು, ಬಿಗಿ ಮಾಡಿ ಪ್ರಯೋಜನವಿಲ್ಲ.

ಹೊಸ ಟೈರು ಹಾಕಿಸುವಾಗ ಸ್ಪೋರ್ಟ್ ಟೈರು ಬೇಡ. ನಿಮ್ಮ ಓಡಾಟಕ್ಕೆ ಮಿಶೆಲಿನ್ ರೋಡ್ 6 ಅಥವಾ ಮೆಟ್ಸೆಲರ್ ರೋಡ್‌ಟೆಕ್‌ನಂಥ ಟೂರಿಂಗ್ ಟೈರು ಸರಿ. ಹೆದ್ದಾರಿಯಲ್ಲಿ ನಡುಭಾಗ ಬೇಗ ಚಪ್ಪಟೆಯಾಗುವುದಿಲ್ಲ, ಮಳೆಯಲ್ಲಿ ಘಾಟಿಯಲ್ಲಿ ಹಿಡಿತ ಬೇಗ ಬರುತ್ತದೆ. ಹಿಂದಿನದು 190/50 ಇರಲಿ. ಕೆಲವರು 190/55 ಹಾಕಿಸಿಕೊಂಡು ತಿರುವಿನಲ್ಲಿ ಚುರುಕಾಗಿದೆ ಅಂತಾರೆ. ಅದು ಹಿಂಭಾಗವನ್ನು ಸುಮಾರು 9 ಮಿ.ಮೀ. ಏರಿಸುತ್ತದೆ. ನಿಮ್ಮ ಕಾಲಿಗೆ ಅದು ಬೇಡ. ಚಕ್ರದ ಸುತ್ತಳತೆ ಬದಲಾದರೆ, ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಎರಡು ಚಕ್ರದ ವೇಗ ಹೋಲಿಸುವ ಲೆಕ್ಕವೂ ಏರುಪೇರಾಗುತ್ತದೆ. ಗಾಳಿ ಮುಂದೆ 36, ಹಿಂದೆ 42 ಪಿಎಸ್‌ಐ, ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿ. ಒಂದು ಗಂಟೆ ಓಡಿಸಿ ಪೆಟ್ರೋಲ್ ಬಂಕಿನಲ್ಲಿ ನೋಡಿ, ಜಾಸ್ತಿಯಿದೆ ಅಂತ ಇಳಿಸಿದರೆ ಮರುದಿನ ಕಡಿಮೆಯಾಗಿರುತ್ತದೆ.

ಸಸ್ಪೆನ್ಷನ್‌ಗೆ ಇಬ್ಬರು ಸಹಾಯಕರು, ಒಂದು ಟೇಪು ಸಾಕು. ಹಿಂದಿನ ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಪಕ್ಕದ ಪ್ಯಾನೆಲ್ ಮೇಲೆ ಒಂದು ಗುರುತು ಅಂಟಿಸಿ. ಮೊದಲ ಅಳತೆ ಚಕ್ರ ಗಾಳಿಯಲ್ಲಿರುವಾಗಿನದು. ಇಲ್ಲಿ ಬಹಳ ಮಂದಿ ತಪ್ಪುತ್ತಾರೆ: ಪ್ಯಾಡಾಕ್ ಸ್ಟ್ಯಾಂಡ್ ಹಾಕಿ ಅಳೆದರೆ ಆಗುವುದಿಲ್ಲ, ಅದು ಸ್ವಿಂಗ್‌ಆರ್ಮ್ ಹಿಡಿದು ಎತ್ತುವುದರಿಂದ ಶಾಕ್ ಒತ್ತಿಯೇ ಇರುತ್ತದೆ. ಸೈಡ್ ಸ್ಟ್ಯಾಂಡ್ ಮೇಲೆ ಗಾಡಿಯನ್ನು ಒಬ್ಬರು ತಮ್ಮ ಕಡೆಗೆ ಹುಷಾರಾಗಿ ವಾಲಿಸಿ ಹಿಂದಿನ ಚಕ್ರ ಎತ್ತಬೇಕು, ಇನ್ನೊಬ್ಬರು ಅಳೆಯಬೇಕು. ಆಮೇಲೆ ನೀವಿಬ್ಬರೂ ಜಾಕೆಟ್, ಹೆಲ್ಮೆಟ್ ಸಮೇತ ಕೂತು, ಬಾಕ್ಸಿನಲ್ಲಿ ಸಾಮಾನು ಹಾಕಿ ಮತ್ತೆ ಅಳೆಸಿ. ಎರಡರ ವ್ಯತ್ಯಾಸ ಹಿಂದೆ 36ರಿಂದ 48 ಮಿ.ಮೀ. ಒಳಗಿರಲಿ. ಹಿಂದಿನ ಚಕ್ರದ ಒಟ್ಟು ಓಟ 144 ಮಿ.ಮೀ., ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ ಅದು. ಜಾಸ್ತಿ ಬಂದರೆ ಪಕ್ಕದಲ್ಲಿರುವ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ) ಗುಬುಟನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ ಮತ್ತೆ ಅಳೆಯಿರಿ. ಎಷ್ಟು ಕ್ಲಿಕ್ ಆಯಿತು ಬರೆದಿಟ್ಟುಕೊಳ್ಳಿ, ಒಬ್ಬರೇ ಹೋಗುವಾಗ ಅಷ್ಟೇ ವಾಪಸ್ ತಿರುಗಿಸಬೇಕು. ಪ್ರೀಲೋಡ್ ಏರಿಸಿದಾಗ, ಒತ್ತಿದ ಶಾಕ್ ವಾಪಸ್ ಚಾಚುವ ವೇಗವನ್ನು ಹಿಡಿತದಲ್ಲಿಡುವ ರೀಬೌಂಡ್ ಸ್ಕ್ರೂವನ್ನೂ ಕಾಲು ಸುತ್ತು ಬಿಗಿ ಮಾಡಿ. ಇಲ್ಲದಿದ್ದರೆ ಹಂಪ್ ದಾಟಿದ ಮೇಲೆ ಹಿಂದೆ ಕೂತವರು ಎಗರುತ್ತಾರೆ. ಹೊಟ್ಟೆ ತಾಗುವ ಸಮಸ್ಯೆ ಬಹುತೇಕ ಇಷ್ಟರಿಂದಲೇ ಹೋಗುತ್ತದೆ. ಪೂರ್ತಿ ಬಿಗಿ ಮಾಡಿದರೂ 50 ಮಿ.ಮೀ. ದಾಟುತ್ತಿದ್ದರೆ ನಿಮ್ಮಿಬ್ಬರ ತೂಕಕ್ಕೆ ಸ್ಪ್ರಿಂಗ್ ಸಾಲದು. ಗಟ್ಟಿ ಸ್ಪ್ರಿಂಗ್ ಹಾಕಿಸಿ. 1100 ತೆಗೆದುಕೊಂಡರೂ ಈ ಕೆಲಸ ತಪ್ಪುವುದಿಲ್ಲ.

ಫೋರ್ಕ್ ಆಯಿಲ್ ಇನ್ನೂ ಬದಲಿಸಿಲ್ಲವಾದರೆ ಈಗ ಬದಲಿಸಿ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. 2021ರ ಗಾಡಿಯಾದ್ದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಇ20 (20 ಪ್ರತಿಶತ ಎಥನಾಲ್ ಬೆರೆಸಿದ) ಪೆಟ್ರೋಲ್ ಇಟ್ಟು ನಿಲ್ಲಿಸಬೇಡಿ. ಎಥನಾಲ್ ತೇವ ಎಳೆದುಕೊಳ್ಳುತ್ತದೆ.

ದುಡ್ಡಿನ ಲೆಕ್ಕ. 1100 ನಮ್ಮಲ್ಲಿ ಬಂದಾಗ ಎಕ್ಸ್‌ಷೋರೂಂ 13.49 ಲಕ್ಷ ಇತ್ತು. 22 ಸೆಪ್ಟೆಂಬರ್ 2025ರಿಂದ 350 ಸಿಸಿ ಮೀರಿದ ಗಾಡಿಗಳಿಗೆ ಸೆಸ್ ಸೇರಿ 31 ಪ್ರತಿಶತ ಇದ್ದ ತೆರಿಗೆ 40 ಆಯಿತು. ಮೂಲ ಬೆಲೆ ಹಾಗೇ ಇಟ್ಟುಕೊಂಡು ಲೆಕ್ಕ ಹಾಕಿದರೂ 14.42 ಲಕ್ಷ ಆಗುತ್ತದೆ. ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ 18 ಪ್ರತಿಶತ, ಸೆಸ್ ಸೇರಿದರೆ 20ರ ಹತ್ತಿರ. ವಿಮೆಗೂ ಮುಂಚೆಯೇ 17 ಲಕ್ಷ ದಾಟಿತು. ನಿಮ್ಮ ಗಾಡಿಗೆ ಎಷ್ಟೇ ಒಳ್ಳೆ ಬೆಲೆ ಬಂದರೂ ಕೈಯಿಂದ ಹಾಕಬೇಕಾದದ್ದು ದೊಡ್ಡ ಮೊತ್ತ. ಹೋಲಿಸಿದರೆ ಟೈರು, ಬೇರಿಂಗ್, ಫೋರ್ಕ್ ಆಯಿಲ್, ಸ್ಪ್ರಿಂಗ್ ಎಲ್ಲ ಸೇರಿದರೂ ಅದರಲ್ಲಿ ಸಣ್ಣ ಪಾಲು.

ಬದಲಾಯಿಸಲೇಬೇಕು ಅನ್ನಿಸಿದರೆ, ಇಬ್ಬರೇ ಹೋಗುವ ನಿಮ್ಮಂಥವರು ಕವಾಸಕಿಯದೇ ವರ್ಸಿಸ್ 1100 ಕೂಡ ನೋಡಬೇಕು. ಎಂಜಿನ್ ಅದೇ 1099 ಸಿಸಿ, ಟ್ಯಾಂಕು 21 ಲೀಟರ್, ಸಸ್ಪೆನ್ಷನ್ ಓಟ ಜಾಸ್ತಿ, ಹಿಂದೆ ಕೂರುವವರ ಮೊಣಕಾಲು ಕಡಿಮೆ ಮಡಚುತ್ತದೆ. ಗಾಡಿ ಎತ್ತರ, ಭಾರ, ಅದೇ ತೊಂದರೆ. ಘಾಟಿ ತಿರುವಿನ ಖುಷಿ ನಿಂಜಾದಲ್ಲೇ ಹೆಚ್ಚು, ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ನಿಂಜಾದಲ್ಲೇ ಇರಿ.

ಟೆಸ್ಟ್ ರೈಡ್‌ಗೆ ಹೋಗುವಾಗ ಹೆಂಡತಿಯನ್ನು ಕರೆದುಕೊಂಡೇ ಹೋಗಿ. ಷೋರೂಮಿನ ಸುತ್ತ ಒಂದು ಸುತ್ತು ಹಾಕಿಸಿ ಕಳಿಸಿದರೆ ಒಪ್ಪಬೇಡಿ. ಆರನೇ ಗೇರಿನಲ್ಲಿ 80ರಿಂದ 110, ಆಮೇಲೆ ಅದನ್ನೇ ನಾಲ್ಕನೇ ಗೇರಿನಲ್ಲಿ, ನಿಮ್ಮ ಗಾಡಿಯಲ್ಲೂ ಅದೇ ದಿನ ಅದೇ ರಸ್ತೆಯಲ್ಲಿ ಮಾಡಿ ನೋಡಿ. ಕೈಗೆ ನಡುಕ ಎಷ್ಟು ಬಂತು ಅನ್ನುವುದು ನಿಮಗೆ ಗೊತ್ತಾಗುತ್ತದೆ, ಸೀಟು ಹೇಗಿತ್ತು ಅನ್ನುವುದನ್ನು ಅವರು ಹೇಳುತ್ತಾರೆ. ಈಗಿರುವ ಬಾಕ್ಸ್ ಹೊಸದಕ್ಕೆ ಹಾಕುವ ಯೋಚನೆ ಇದ್ದರೆ ಬ್ರಾಕೆಟ್ ಕಿಟ್‌ನ ಪಾರ್ಟ್ ನಂಬರ್ ಎರಡೂ ಮಾದರಿಗೆ ಒಂದೇನಾ ಅಂತ ಬುಕಿಂಗ್ ದುಡ್ಡು ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಪಡೆದುಕೊಳ್ಳಿ.