ಎರಡು ವರ್ಷಕ್ಕೆ ಬ್ಯಾಂಕಾಕ್‌ಗೆ ಹೋಗುತ್ತಿದ್ದೇವೆ, ಬಾಡಿಗೆ ಮನೆ ಹಿಡಿಯುವಾಗ ಏನೇನು ನೋಡಬೇಕು?

ಕಂಪನಿ ಕಳಿಸುತ್ತಿದೆ, ಗಂಡ ಹೆಂಡತಿ ಇಬ್ಬರೂ ಸಸ್ಯಾಹಾರಿಗಳು, ಮನೆ ಎಂಥದ್ದು ಹಿಡಿಯಬೇಕು ಎಂದು ಕೇಳಿದ್ದೀರಿ. ಈಜುಕೊಳ, ಜಿಮ್ ಅಲ್ಲಿ ಬಹುಪಾಲು ಕಾಂಡೋಗಳಲ್ಲಿ, ಅಂದರೆ ಒಂದೊಂದು ಫ್ಲಾಟಿಗೆ ಒಬ್ಬೊಬ್ಬ ಮಾಲೀಕರಿರುವ ಕಟ್ಟಡಗಳಲ್ಲಿ, ಇರುತ್ತವೆ, ಅವನ್ನು ನೋಡಿ ಮರುಳಾಗಬೇಡಿ. ಮೊದಲು ಮಾಲೀಕರು ಎಂಥವರು ಎಂದು ನೋಡಿ. ನಿಮ್ಮ ವೀಸಾದ ಕಾಗದಪತ್ರವೆಲ್ಲ ಮನೆಗೇ ತಗುಲಿಕೊಂಡಿರುತ್ತದೆ.

ವಿದೇಶಿಯರು ವಾಸಕ್ಕೆ ಬಂದ 24 ಗಂಟೆಯೊಳಗೆ ಮಾಲೀಕರು ಇಮಿಗ್ರೇಷನ್‌ಗೆ ತಿಳಿಸಬೇಕು. ಇದಕ್ಕೆ ಟಿಎಂ30 ಅನ್ನುತ್ತಾರೆ. ಮುಂದೆ ವೀಸಾ ಅವಧಿ ವಿಸ್ತರಿಸಲು ಹೋದಾಗ ಇದರ ರಸೀದಿ ಕೇಳುತ್ತಾರೆ. ಮಾಲೀಕರು ಬೇರೆ ದೇಶದಲ್ಲಿದ್ದರೆ, ಅಥವಾ ಬಾಡಿಗೆ ಆದಾಯ ತೋರಿಸಲು ಹಿಂಜರಿಯುವವರಾದರೆ, ಇದನ್ನು ಮಾಡದೆ ಸತಾಯಿಸುತ್ತಾರೆ. ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲೇ ಏಜೆಂಟರನ್ನು ಕೇಳಿ: ಟಿಎಂ30 ಯಾರು ಮಾಡುತ್ತಾರೆ, ಯಾವತ್ತು ಮಾಡುತ್ತಾರೆ? ಮಾಲೀಕರ ಗುರುತಿನ ಚೀಟಿ ಮತ್ತು ಮನೆಯ ನೋಂದಣಿ ಪುಸ್ತಕದ ಪ್ರತಿಗೆ ಅವರ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ.

ಇನ್ನೊಂದು, 90 ದಿನದ ವರದಿ. ಒಂದೇ ಸಮನೆ 90 ದಿನ ದೇಶದೊಳಗೇ ಇದ್ದರೆ ವಿಳಾಸ ತಿಳಿಸಬೇಕು. ಗಡುವಿಗೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಕೊಡಬಹುದು. ತಡವಾದರೆ 2,000 ಬಹ್ತ್ ದಂಡ. ದೇಶ ಬಿಟ್ಟು ಮರಳಿ ಬಂದಾಗಲೆಲ್ಲ ಎಣಿಕೆ ಹೊಸದಾಗಿ ಶುರುವಾಗುತ್ತದೆ. ನೀವು ಕಚೇರಿ ಕೆಲಸಕ್ಕೆ ಸಿಂಗಾಪುರಕ್ಕೆ ಹೋಗಿಬಂದು, ಮನೆಯವರು ಬ್ಯಾಂಕಾಕ್‌ನಲ್ಲೇ ಇದ್ದರೆ ಇಬ್ಬರ ದಿನಾಂಕವೂ ಬೇರೆ ಬೇರೆ. ಕಂಪನಿ ಎಚ್‌ಆರ್ ನಿಮ್ಮದನ್ನಷ್ಟೇ ನೋಡಿಕೊಳ್ಳುವುದು ಸಾಮಾನ್ಯ, ಅವರದ್ದು ತಪ್ಪಿಹೋಗುವುದು ಹೀಗೇ. ಹೊರಡುವ ಮೊದಲು ರೀ-ಎಂಟ್ರಿ ಪರ್ಮಿಟ್ ಕೂಡ ಬೇಕು: ಒಂದು ಸಲಕ್ಕೆ 1,000, ಹಲವು ಸಲಕ್ಕೆ 3,800 ಬಹ್ತ್. ಅದಿಲ್ಲದೆ ಹೊರಗೆ ಹೋದರೆ ವಿಸ್ತರಿಸಿಕೊಂಡ ಅವಧಿಯೇ ರದ್ದಾಗುತ್ತದೆ. ಊರಿಂದ ಫೋನ್ ಬಂತೆಂದು ಗಡಿಬಿಡಿಯಲ್ಲಿ ಹೊರಡುವವರು ಮರೆಯುವುದೇ ಇದನ್ನು. ಹಲವು ಸಲದ್ದನ್ನೇ ಮೊದಲೇ ಮಾಡಿಸಿಟ್ಟುಕೊಳ್ಳಿ ಎನ್ನುತ್ತೇನೆ.

ಡೆಪಾಸಿಟ್ ಸಾಮಾನ್ಯವಾಗಿ ಎರಡು ತಿಂಗಳ ಬಾಡಿಗೆ, ಜೊತೆಗೆ ಒಂದು ತಿಂಗಳ ಮುಂಗಡ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಹಗುರ ಅನಿಸುತ್ತದೆ, ಆದರೆ ವಾಪಸ್ ಪಡೆಯುವ ಜಗಳ ಅಲ್ಲೂ ಇದೆ. ಕರಾರು ಹೆಚ್ಚಾಗಿ ಒಂದು ವರ್ಷದ್ದು, ನಡುವೆ ಬಿಟ್ಟರೆ ಡೆಪಾಸಿಟ್ ಹೋಯಿತು. ಕಂಪನಿ ವರ್ಗ ಮಾಡಿದರೆ ನೋಟಿಸ್ ಕೊಟ್ಟು ಬಿಡಬಹುದು ಎಂಬ ಷರತ್ತನ್ನು ಸಹಿಗೆ ಮೊದಲೇ ಸೇರಿಸಿ. ಬೀಗದ ಕೈ ಪಡೆದ ದಿನವೇ ಗೋಡೆ, ಸೋಫಾ, ಹಾಸಿಗೆ, ಏಸಿ ಕೆಳಗಿನ ನೀರಿನ ಕಲೆ ಎಲ್ಲವನ್ನೂ ವಿಡಿಯೊ ಮಾಡಿ ಏಜೆಂಟರಿಗೆ ಕಳಿಸಿ. ಏಸಿ ತೊಳೆಸಿದ ರಸೀದಿಗಳನ್ನು ಎಸೆಯಬೇಡಿ.

ಕರೆಂಟ್ ಮೀಟರ್ ಯಾರದ್ದು ಎಂದು ಕೇಳಿ. ಕಾಂಡೋದಲ್ಲಿ ಬಿಲ್ ಸಾಮಾನ್ಯವಾಗಿ ನೇರ ವಿದ್ಯುತ್ ಸಂಸ್ಥೆಯಿಂದ ಬರುತ್ತದೆ, ಯೂನಿಟ್‌ಗೆ ಸುಮಾರು 4ರಿಂದ 5 ಬಹ್ತ್. ಇಡೀ ಕಟ್ಟಡ ಒಬ್ಬರದ್ದೇ ಆಗಿರುವ ಕಡೆ, ಇದಕ್ಕೆ ಅಪಾರ್ಟ್‌ಮೆಂಟ್ ಅನ್ನುತ್ತಾರೆ, ಮಾಲೀಕರು 7, 8 ಹಾಕುವುದುಂಟು. ಮಲಗುವ ಕೋಣೆಯ ಏಸಿ ಗಂಟೆಗೆ ಒಂದು ಯೂನಿಟ್ ತಿಂದರೆ, ದಿನಕ್ಕೆ ಹತ್ತು ಗಂಟೆಯಂತೆ ತಿಂಗಳಿಗೆ 300 ಯೂನಿಟ್. ಆ ಒಂದೇ ಏಸಿಗೆ ವ್ಯತ್ಯಾಸ ಸಾವಿರ ಬಹ್ತ್ ದಾಟಬಹುದು. ಪಶ್ಚಿಮಕ್ಕೆ ಗಾಜಿನ ಗೋಡೆ ಇದ್ದರೆ ಇನ್ನೂ ಹೆಚ್ಚು.

ಅಡುಗೆಮನೆಯನ್ನು ಮನೆಯವರೇ ನೋಡಲಿ. ಎತ್ತರದ ಕಟ್ಟಡಗಳಲ್ಲಿ ಗ್ಯಾಸ್ ಸಿಲಿಂಡರ್ ಬಿಡುವುದು ಅಪರೂಪ, ವಿದ್ಯುತ್ ಒಲೆಯೇ ಗತಿ. ಇಂಡಕ್ಷನ್ ತಳದ ಕುಕ್ಕರ್, ಬಾಣಲೆ ಒಯ್ಯಿರಿ. ವೋಲ್ಟೇಜ್ ನಮ್ಮದರ ಹತ್ತಿರವೇ ಇರುವುದರಿಂದ ಮಿಕ್ಸಿ ಓಡುತ್ತದೆ, ಆದರೆ ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್‌ಗೆ ಕೂರುವುದಿಲ್ಲ. ಅಡುಗೆ ಹಾಲ್‌ನಲ್ಲೇ ಇರುವ ಸ್ಟುಡಿಯೊ ಬೇಡ: ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಹಾಸಿಗೆವರೆಗೂ ಹೋಗುತ್ತದೆ.

ಬೇಳೆ, ಮಸಾಲೆ ಬ್ಯಾಂಕಾಕ್‌ನ ಪಾಹುರಾತ್ ಬಡಾವಣೆಯ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಕಾಯಿತುರಿ ಸಂತೆಯಲ್ಲೇ ಯಂತ್ರದಲ್ಲಿ ತುರಿದು ಕೊಡುತ್ತಾರೆ. ಹೊರಗೆ ತಿನ್ನುವಾಗ "ಮಾಂಸ ಬೇಡ" ಎಂದರೆ ಸಾಲದು, ಮೀನಿನ ಸಾಸ್ 'ನಾಮ್ ಪ್ಲಾ' ತರಕಾರಿಗೂ ಬೀಳುತ್ತದೆ. 'ಜೇ' ಎಂದು ಹಳದಿ ಹಲಗೆ ಇರುವ ಅಂಗಡಿಗಳನ್ನು ನೋಡಿಕೊಳ್ಳಿ. ಅಲ್ಲಿ ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ.

ಜಾಗದ ವಿಷಯ: "ಬಿಟಿಎಸ್‌ಗೆ 500 ಮೀಟರ್" (ಬಿಟಿಎಸ್ ಅಂದರೆ ನಗರದ ಎತ್ತರಿಸಿದ ಹಳಿಯ ರೈಲು) ಎಂಬ ಜಾಹೀರಾತಿನ ಅಳತೆ ಹಲವು ಸಲ ನಕ್ಷೆಯ ಮೇಲೆ ಗೆರೆ ಎಳೆದದ್ದು. ಸುಖುಮ್ವಿತ್ ಎಂಬ ಮುಖ್ಯ ರಸ್ತೆಯ ಸೋಯಿಗಳು ಉದ್ದನೆಯ ಓಣಿಗಳು, ಎಷ್ಟೋ ಕಡೆ ಆಚೆ ಬದಿಗೆ ದಾರಿಯೇ ಇರುವುದಿಲ್ಲ. ಬೆಸ ಸಂಖ್ಯೆಯವು ಒಂದು ಕಡೆ, ಸಮ ಸಂಖ್ಯೆಯವು ಇನ್ನೊಂದು ಕಡೆ. ನಿಲ್ದಾಣದಿಂದ ಮನೆವರೆಗೆ ನಡೆದೇ ನೋಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋದರೆ ಜೋರು ಮಳೆ ನಿಂತ ಅರ್ಧ ಗಂಟೆಗೆ ಹೋಗಿ. ಬೇರೆ ತಿಂಗಳಾದರೆ ಓಣಿಯ ಅಂಗಡಿಗಳ ಬಾಗಿಲು ಗಮನಿಸಿ: ಹೊಸ್ತಿಲನ್ನು ಮೊಣಕಾಲೆತ್ತರ ಕಟ್ಟಿಸಿದ್ದರೆ, ಮರಳು ಮೂಟೆ ಪೇರಿಸಿಟ್ಟಿದ್ದರೆ ಆ ಓಣಿ ಬಿಟ್ಟು ಪಕ್ಕದ ಓಣಿಯಲ್ಲಿ ಹುಡುಕಿ.