ಯುರೋಪಿನ ಗ್ರಾಹಕರ ಮಾಹಿತಿ ನಿಮ್ಮ ಕೈಯಲ್ಲಿದ್ದರೆ

ಪ್ರಶ್ನೆ: ಮೈಸೂರಿನಲ್ಲಿ 15 ಜನರ ಸಾಫ್ಟ್‌ವೇರ್ ಕಂಪನಿ ನಮ್ಮದು. ಜರ್ಮನಿಯ ಆನ್‌ಲೈನ್ ಅಂಗಡಿಯೊಂದರ ಗ್ರಾಹಕ ಸೇವೆಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಸರ್ವರ್ ಫ್ರಾಂಕ್‌ಫರ್ಟ್‌ನಲ್ಲಿದೆ, ಡೇಟಾ ಇಲ್ಲಿಗೆ ಬರುವುದೇ ಇಲ್ಲ. ಆದರೂ ಜಿಡಿಪಿಆರ್ (ಯುರೋಪಿಯನ್ ಒಕ್ಕೂಟದ ವೈಯಕ್ತಿಕ ಮಾಹಿತಿ ರಕ್ಷಣಾ ಕಾನೂನು) ಎಂದು 40 ಪುಟದ ಒಪ್ಪಂದ ಕಳಿಸಿದ್ದಾರೆ. ಸಹಿ ಹಾಕಬೇಕೇ?

ಉತ್ತರ: ಹಾಕಲೇಬೇಕು, ಆದರೆ ಓದಿ ಹಾಕಿ. ಸರ್ವರ್ ಎಲ್ಲೇ ಇರಲಿ, ನಿಮ್ಮ ಎಂಜಿನಿಯರ್ ಮೈಸೂರಿನಿಂದ ಲಾಗಿನ್ ಆಗಿ ಗ್ರಾಹಕರ ಹೆಸರು, ವಿಳಾಸ ನೋಡಿದರೆ ಅದನ್ನೂ ಭಾರತಕ್ಕೆ ಮಾಹಿತಿ ರವಾನೆ ಎಂದೇ ಪರಿಗಣಿಸುತ್ತಾರೆ. ಮಾಹಿತಿಗೆ ಸಾಕಷ್ಟು ರಕ್ಷಣೆ ಇದೆಯೆಂದು ಯುರೋಪಿಯನ್ ಆಯೋಗದ ಮಾನ್ಯತೆ ಪಡೆದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ಆಯೋಗವೇ 2021ರ ಜೂನ್‌ನಲ್ಲಿ ಹೊರಡಿಸಿದ ಮಾದರಿ ಕರಾರು, ಅಂದರೆ ಎಸ್‌ಸಿಸಿ, ಬೇಕಾಗುತ್ತದೆ. ಅದರಲ್ಲಿ ನಾಲ್ಕು ಮಾಡ್ಯೂಲ್‌ಗಳಿವೆ. ಅಂಗಡಿಯವರೇ ನೇರವಾಗಿ ಕೆಲಸ ಕೊಟ್ಟಿದ್ದರೆ ಎರಡನೆಯದು, ನಡುವೆ ಇನ್ನೊಂದು ಐಟಿ ಕಂಪನಿ ಇದ್ದರೆ ಮೂರನೆಯದು.

ಕರಾರಿನ ಮೂಲ ಪಠ್ಯವನ್ನು ತಿದ್ದುವಂತಿಲ್ಲ. ನಿಮ್ಮ ಕೆಲಸವಿರುವುದು ಅನುಬಂಧಗಳಲ್ಲಿ, ಹೆಚ್ಚಿನವರು ಎಡವುವುದೂ ಅಲ್ಲೇ. ಎರಡನೇ ಅನುಬಂಧದಲ್ಲಿ 'ಸೂಕ್ತ ಭದ್ರತೆ ಇದೆ' ಎಂದು ಗೀಚಿದರೆ ಸಾಲದು. ಯಾರಿಗೆ ಲಾಗಿನ್ ಇದೆ, ಕೆಲಸ ಬಿಟ್ಟವರ ಲಾಗಿನ್ ಯಾವಾಗ ತೆಗೆಯುತ್ತೀರಿ, ಲ್ಯಾಪ್‌ಟಾಪ್ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯೇ ಎಂಬುದನ್ನೆಲ್ಲ ಬಿಡಿಸಿ ಬರೆಯಿರಿ. ಇಲ್ಲದ ವ್ಯವಸ್ಥೆಯನ್ನು ಇದೆ ಎಂದು ಬರೆಯಬೇಡಿ. ತಪಾಸಣೆಗೆ ಬರುವ ಹಕ್ಕು ಅವರಿಗಿದೆ.

ಮಾಹಿತಿ ಸೋರಿದರೆ ಅಂಗಡಿಯವರು ವಿಷಯ ತಿಳಿದ 72 ಗಂಟೆಯೊಳಗೆ ತಮ್ಮ ಕಡೆಯ ಮಾಹಿತಿ ರಕ್ಷಣಾ ಪ್ರಾಧಿಕಾರಕ್ಕೆ ತಿಳಿಸಬೇಕು. ಜನರಿಗೆ ಅಪಾಯವಿಲ್ಲದ ಪ್ರಕರಣಕ್ಕಷ್ಟೇ ವಿನಾಯಿತಿ. ಶನಿವಾರ, ಭಾನುವಾರವೂ ಲೆಕ್ಕಕ್ಕೆ ಸೇರುತ್ತವೆ. ನೀವು ಅವರಿಗೆ ತಡಮಾಡದೆ ತಿಳಿಸಬೇಕು. ಒಪ್ಪಂದದಲ್ಲಿ 24 ಗಂಟೆ ಎಂದಿದ್ದರೆ, ಭಾನುವಾರ ರಾತ್ರಿ ಫೋನ್ ಎತ್ತುವವರು ಯಾರೆಂದು ಈಗಲೇ ಗೊತ್ತುಮಾಡಿ.

ನಿಜವಾದ ತೊಂದರೆ ಇರುವುದು ಪ್ರತಿಗಳಲ್ಲಿ. ಟೆಸ್ಟಿಂಗ್‌ಗೆಂದು ಇಳಿಸಿಕೊಂಡ ಡೇಟಾಬೇಸ್, ದೋಷ ತೋರಿಸಲು ವಾಟ್ಸಾಪ್ ಗ್ರೂಪಿಗೆ ಹಾಕಿದ ಸ್ಕ್ರೀನ್‌ಶಾಟ್, ಅದರ ಮೂಲೆಯಲ್ಲಿ ಯಾರದೋ ಫೋನ್ ನಂಬರ್! ಗ್ರಾಹಕರೊಬ್ಬರು ತಮ್ಮ ಮಾಹಿತಿ ಅಳಿಸಿ ಎಂದರೆ ಅಂಗಡಿಯವರು ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರಿಸಬೇಕು. ಸರ್ವರ್‌ನಲ್ಲಿ ಅಳಿಸಿದ್ದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದರೆ ಅವರು ಕೊಟ್ಟ ಉತ್ತರವೇ ಸುಳ್ಳಾಗುತ್ತದೆ. ಟೆಸ್ಟಿಂಗ್‌ಗೆ ಕಲ್ಪಿತ ಡೇಟಾ ಮಾತ್ರ ಬಳಸಿ. ಗ್ರಾಹಕರ ದೂರನ್ನು ಎಐ ಟೂಲ್‌ಗೆ ಪೇಸ್ಟ್ ಮಾಡುವುದೂ ಹೊರಗಿನವರ ಕೈಗೆ ಮಾಹಿತಿ ಕೊಟ್ಟಂತೆ. ಅದಕ್ಕೆ ಮೊದಲೇ ಅಂಗಡಿಯವರ ಒಪ್ಪಿಗೆ ಬೇಕು.

ಎರಡನೇ ಮಾಡ್ಯೂಲ್‌ನಲ್ಲೇ ಜಿಡಿಪಿಆರ್ 28ನೇ ವಿಧಿಯ (ಬೇರೆಯವರ ಪರವಾಗಿ ಮಾಹಿತಿ ನಿರ್ವಹಿಸುವವರ ಜತೆಗಿನ ಒಪ್ಪಂದದ) ಷರತ್ತುಗಳೂ ಅಡಕವಾಗಿವೆ. ಉಳಿದ ಪುಟಗಳಲ್ಲಿ ಅಂಗಡಿಯವರ ಸ್ವಂತ ಷರತ್ತುಗಳೇ ಹೆಚ್ಚಿರುತ್ತವೆ. ನಷ್ಟಭರ್ತಿಗೆ ಮಿತಿಯೇ ಇಲ್ಲ ಎಂದಿದ್ದರೆ ವಕೀಲರಿಗೆ ತೋರಿಸಿ, ಚೌಕಾಸಿ ಮಾಡಿ.

ಪ್ರಶ್ನೆ: ಮಡಿಕೇರಿಯಲ್ಲಿ ಹೋಮ್‌ಸ್ಟೇ ನಡೆಸುತ್ತೇವೆ. ವೆಬ್‌ಸೈಟ್ ಇಂಗ್ಲಿಷಿನಲ್ಲಿದೆ, ಆಗಾಗ ಫ್ರಾನ್ಸಿನವರು ಬುಕ್ ಮಾಡುತ್ತಾರೆ. ನಮಗೂ ಈ ಕಾನೂನು ತಗುಲುತ್ತದೆಯೇ?

ಉತ್ತರ: ವೆಬ್‌ಸೈಟ್ ಅಲ್ಲಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಇಲ್ಲ. ಫ್ರೆಂಚ್ ಪುಟ, ಯೂರೋದಲ್ಲಿ ದರ, ಫ್ರಾನ್ಸಿಗೆಂದೇ ಕೊಟ್ಟ ಜಾಹೀರಾತು ಇದ್ದರೆ ಮಾತು ಬೇರೆ. ಆಗ ಯಾವ ಮಾಹಿತಿ, ಏಕೆ, ಎಷ್ಟು ಕಾಲ ಇಡುತ್ತೀರಿ ಎಂಬುದನ್ನು ಫ್ರೆಂಚಿನಲ್ಲೇ ತಿಳಿಸಬೇಕು. ಆಫರ್ ಇಮೇಲ್‌ಗೆ ಒಪ್ಪಿಗೆ ಕೇಳುವ ಬಾಕ್ಸ್‌ನಲ್ಲಿ ಮೊದಲೇ ಟಿಕ್ ಇರಬಾರದು. ಅಂಥ ಒಪ್ಪಿಗೆ ಸಲ್ಲದೆಂದು ಯುರೋಪಿನ ನ್ಯಾಯಾಲಯ 2019ರಲ್ಲೇ ಹೇಳಿದೆ.