ಗುಡುಗು ಮೋಡದಡಿ ಬೆಟ್ಟದ ಚಿತ್ರ

ಪ್ರಶ್ನೆ: ಬೇಸಿಗೆಯ ಗುಡುಗು ಮಳೆಯಲ್ಲಿ ಬೆಟ್ಟದ ಫೋಟೋ ತೆಗೆದರೆ ಮೋಡವೆಲ್ಲ ಬೆಳ್ಳಗಾಗುತ್ತದೆ. ಏನು ಮಾಡಲಿ?

ಉತ್ತರ: ಚೌಕಟ್ಟಿನ ತುಂಬ ಕಪ್ಪು ಬೆಟ್ಟವೇ ಇದ್ದಾಗ ಕ್ಯಾಮೆರಾ ಬೆಳಕು ಸಾಲದೆಂದು ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಏರಿಸುತ್ತದೆ, ಮೋಡದ ವಿವರ ಅಳಿಸಿಹೋಗುತ್ತದೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ), ಎಫ್/8 (ಲೆನ್ಸ್ ಕಿಂಡಿಯ ಅಳತೆ), ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಇಟ್ಟು ಎಕ್ಸ್‌ಪೋಷರ್ 1 ಸ್ಟಾಪ್, ಅಂದರೆ ಅರ್ಧಕ್ಕೆ, ತಗ್ಗಿಸಿ. ನೆರಳನ್ನು ಆಮೇಲೆ ತಿಳಿಗೊಳಿಸಬಹುದು, ಪೂರ್ತಿ ಬಿಳಿಚಿದ ಮೋಡ ಮರಳಿ ಬಾರದು. ಗಾಳಿಗೆ ಟ್ರೈಪಾಡ್ ನಡುಗಿದರೆ ನಡುಕಂಬ ಇಳಿಸಿ, ಕಾಲು ಅಗಲಿಸಿ. ಚೀಲ ತೂಗುಹಾಕುವುದಾದರೆ ಅದು ನೆಲಕ್ಕೆ ತಾಗಿರಲಿ. ತೂಗಾಡಿದರೆ ಅದೇ ಕ್ಯಾಮೆರಾವನ್ನು ಅಲುಗಿಸುತ್ತದೆ.

ಅತಿ ಸುಂದರ ಬೆಳಕು ಮಳೆ ಸರಿಯುವಾಗಿನ ಕೆಲವೇ ನಿಮಿಷ. ಕಾಮನಬಿಲ್ಲು ಬೇಕೆಂದರೆ ಸೂರ್ಯ ಬೆನ್ನಿಗಿರಲಿ. ಪೋಲರೈಸರ್ (ಲೆನ್ಸ್ ಮುಂದೆ ಹಾಕಿ ತಿರುಗಿಸುವ ಫಿಲ್ಟರ್) ತಪ್ಪಾಗಿ ತಿರುಗಿದರೆ ಬಿಲ್ಲೇ ಮಾಯ!

ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಚಿತ್ರದ ಆಸೆ ಬಿಟ್ಟು ಶಿಖರದಿಂದ ಇಳಿಯಿರಿ, ಒಂಟಿ ಮರದಡಿ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಮೇಲೆ ಹತ್ತಬೇಡಿ.